ಇರಾನ್‌ನಲ್ಲಿ ಅಧ್ಯಕ್ಷರಿಗೆ ನಿಜವಾದ ಅಧಿಕಾರ ಎಷ್ಟಿದೆ? ಮತ್ತೆ ಜನ ಓಟು ಹಾಕುವುದು ಯಾಕೆ?

ತುಂಗಾತೀರ
8 ಜುಲೈ 2024

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಇರಾನ್‌ನಲ್ಲಿ ಎರಡನೇ ಸುತ್ತಿನ ಮತದಾನ ಮುಗಿದು ಮಸೂದ್ ಪೆಜೆಶ್ಕಿಯಾನ್ ಗೆದ್ದರು, ಕಟ್ಟಾ ಸಂಪ್ರದಾಯವಾದಿ ಸಯೀದ್ ಜಲೀಲಿ ಸೋತರು. ಆವತ್ತಿನಿಂದ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ, ತಲೆ ಕೆಡುತ್ತಿದೆ. ಒಂದು ಕಡೆ ಸುಧಾರಣಾವಾದಿ ಬಂದರು, ಇನ್ನು ಇರಾನ್ ಬದಲಾಗುತ್ತದೆ ಎನ್ನುತ್ತಾರೆ. ಇನ್ನೊಂದು ಕಡೆ ಇದೆಲ್ಲ ನಾಟಕ, ಸರ್ವೋಚ್ಚ ನಾಯಕ ಖಮೇನಿ ಹೇಳಿದ್ದೇ ಕೊನೆ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ನಾಟಕವೇ ಆಗಿದ್ದರೆ ಮೂರು ಕೋಟಿ ಜನ ಯಾಕೆ ಹೋಗಿ ಓಟು ಹಾಕಿದರು? ನಿಜವಾದ ಚುನಾವಣೆ ಆಗಿದ್ದರೆ ಉಳಿದ ಮೂರು ಕೋಟಿ ಜನ ಯಾಕೆ ಮನೆಯಲ್ಲೇ ಕೂತರು? ಅಲ್ಲಿನ ಅಧ್ಯಕ್ಷರು ನಮ್ಮ ರಾಷ್ಟ್ರಪತಿಗಳ ಹಾಗೆ ಸಹಿ ಹಾಕುವವರಾ, ಅಮೆರಿಕದ ಅಧ್ಯಕ್ಷರ ಹಾಗಾ? ಇನ್ನೊಂದು ವಿಷಯ ನನಗೆ ಅರ್ಥವೇ ಆಗಲಿಲ್ಲ. ಇದೇ ಪೆಜೆಶ್ಕಿಯಾನ್ 2021ರಲ್ಲಿ ಅರ್ಜಿ ಹಾಕಿದ್ದರಂತೆ, ಆಗ ಇವರು ಅರ್ಹರಲ್ಲ ಎಂದು ತಳ್ಳಿಹಾಕಿದ್ದರಂತೆ. ಮೂರು ವರ್ಷದಲ್ಲಿ ಅದೇ ಮನುಷ್ಯ ಅರ್ಹರಾಗಿದ್ದು ಹೇಗೆ?

ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಹಳೇ ಓದುಗ

ಒಳ್ಳೆಯ ಪ್ರಶ್ನೆ. ಕೊನೆಯದ್ದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲದರ ಬೀಗದ ಕೈ ಅಲ್ಲೇ ಇದೆ.

ಇರಾನ್‌ನಲ್ಲಿ ಚುನಾವಣೆಗೆ ಯಾರು ನಿಲ್ಲಬಹುದು ಎಂದು ತೀರ್ಮಾನಿಸುವುದು ಗಾರ್ಡಿಯನ್ ಕೌನ್ಸಿಲ್. ಅದರಲ್ಲಿ 12 ಜನ. ಆರು ಧರ್ಮಗುರುಗಳನ್ನು ಸರ್ವೋಚ್ಚ ನಾಯಕರೇ ನೇರವಾಗಿ ನೇಮಿಸುತ್ತಾರೆ. ಇನ್ನಾರು ಕಾನೂನು ತಜ್ಞರ ಹೆಸರನ್ನು ನ್ಯಾಯಾಂಗದ ಮುಖ್ಯಸ್ಥರು ಸೂಚಿಸಿ, ಸಂಸತ್ತು ಅಂದರೆ ಮಜ್ಲಿಸ್ ಅದರಲ್ಲಿ ಆರಿಸುತ್ತದೆ. ಆ ನ್ಯಾಯಾಂಗದ ಮುಖ್ಯಸ್ಥರನ್ನು ನೇಮಿಸುವವರು ಯಾರು? ಮತ್ತೆ ಸರ್ವೋಚ್ಚ ನಾಯಕರೇ. ಈ ಸಲ 80 ಜನ ಹೆಸರು ಕೊಟ್ಟಿದ್ದರು, ಉಳಿದದ್ದು ಆರು. 2021ರಲ್ಲಿ 592 ಜನ ಕೊಟ್ಟಿದ್ದರು, ಉಳಿದದ್ದು ಏಳು.

ತಳ್ಳಿಹಾಕಿಸಿಕೊಂಡವರು ಯಾರೋ ದಾರಿಹೋಕರು ಎಂದುಕೊಳ್ಳಬೇಡಿ. 2013ರಲ್ಲಿ ರಫ್ಸಂಜಾನಿಯವರ ಅರ್ಜಿಯನ್ನೇ ತಿರಸ್ಕರಿಸಿದರು. ಆ ಮನುಷ್ಯ ಎರಡು ಅವಧಿಗೆ ಅಧ್ಯಕ್ಷರಾಗಿದ್ದವರು, 1989ರಲ್ಲಿ ಕ್ರಾಂತಿಯ ನಾಯಕ, ಮೊದಲ ಸರ್ವೋಚ್ಚ ನಾಯಕ ಖೊಮೇನಿ ತೀರಿಕೊಂಡಾಗ ಖಮೇನಿಯವರನ್ನು ಆ ಜಾಗಕ್ಕೆ ತಂದು ಕೂರಿಸುವುದರಲ್ಲಿ ಮುಂದೆ ನಿಂತವರು. ಅಹ್ಮದಿನೆಜಾದ್ ಎಂಟು ವರ್ಷ ಅಧ್ಯಕ್ಷರಾಗಿದ್ದವರು, ಅವರನ್ನೂ 2017, 2021, 2024 ಮೂರು ಸಲವೂ ತಡೆದರು. 12 ವರ್ಷ ಮಜ್ಲಿಸ್‌ನ ಸ್ಪೀಕರ್ ಆಗಿದ್ದ ಅಲಿ ಲಾರಿಜಾನಿ ಎರಡು ಸಲ ಹೊರಗೆ. ಹಾಗಾಗಿ ಇದು ವಿರೋಧಿಗಳನ್ನು ಮಾತ್ರ ಹಿಡಿಯುವ ಜರಡಿ ಅಲ್ಲ. ಆಯಾ ಹೊತ್ತಿಗೆ ಯಾರು ಬೇಡವೋ ಅವರನ್ನೆಲ್ಲ ಹಿಡಿಯುತ್ತದೆ, ಅದರ ತೂತು ಎಷ್ಟು ದೊಡ್ಡದಿರಬೇಕು ಎನ್ನುವುದು ಪ್ರತಿ ಸಲ ಬದಲಾಗುತ್ತದೆ.

ಈಗ ನಿಮ್ಮ ರಾಷ್ಟ್ರಪತಿ ಪ್ರಶ್ನೆ. ಎರಡೂ ಅಲ್ಲ. ಇರಾನ್ ಅಧ್ಯಕ್ಷರು ಸರ್ಕಾರ ನಡೆಸುತ್ತಾರೆ: ಬಜೆಟ್, ಮಂತ್ರಿಗಳು, ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಅವರದೇ. ಆದರೆ ಸೇನೆ, ರೆವಲ್ಯೂಷನರಿ ಗಾರ್ಡ್ (ಕ್ರಾಂತಿಯ ಕಾವಲಿಗೆಂದು ಕಟ್ಟಿದ ಪ್ರತ್ಯೇಕ ಪಡೆ), ನ್ಯಾಯಾಂಗ, ಸರ್ಕಾರಿ ರೇಡಿಯೋ ಮತ್ತು ಟಿವಿ ಯಾವುದೂ ಅವರ ಕೈಯಲ್ಲಿಲ್ಲ. ಸಂವಿಧಾನದ 110ನೇ ವಿಧಿ ಇದನ್ನೆಲ್ಲ ಸರ್ವೋಚ್ಚ ನಾಯಕರಿಗೆ ಕೊಟ್ಟಿದೆ. ಬಂದೂಕೂ ಇಲ್ಲ, ಕೋರ್ಟೂ ಇಲ್ಲ, ಮೈಕೂ ಇಲ್ಲ. ಜನ ಗೆಲ್ಲಿಸಿದ ಮೇಲೂ ಸರ್ವೋಚ್ಚ ನಾಯಕರು ಒಪ್ಪಿಗೆ ಪತ್ರ ಕೊಟ್ಟ ನಂತರವೇ ಅಧ್ಯಕ್ಷರು ಕುರ್ಚಿಯಲ್ಲಿ ಕೂರಬೇಕು.

ಇದು ಕಾಗದದ ಮೇಲಿನ ಮಾತು ಎನಿಸಿದರೆ ಒಂದು ಘಟನೆ ಹೇಳುತ್ತೇನೆ. 2004ರ ಮೇ ತಿಂಗಳು, ಖತಾಮಿ ಅಧ್ಯಕ್ಷರು. ತೆಹ್ರಾನ್ ಹೊರಗೆ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಖೊಮೇನಿಯವರದೇ ಹೆಸರು. ದುಬೈನಿಂದ ಮೊದಲ ವಿಮಾನ ಬಂದು ಇಳಿಯಿತು. ಅದೇ ದಿನ ರೆವಲ್ಯೂಷನರಿ ಗಾರ್ಡ್‌ನವರು ರನ್‌ವೇ ಮೇಲೆ ತಮ್ಮ ವಾಹನಗಳನ್ನು ತಂದು ನಿಲ್ಲಿಸಿ ನಿಲ್ದಾಣವನ್ನೇ ಮುಚ್ಚಿಬಿಟ್ಟರು. ನಿಲ್ದಾಣ ನಡೆಸುವ ಗುತ್ತಿಗೆ ಟರ್ಕಿಯ ಕಂಪನಿಗೆ ಹೋಗಿತ್ತು, ಅದು ದೇಶದ ಭದ್ರತೆಗೆ ಅಪಾಯ ಎನ್ನುವುದು ಅವರು ಕೊಟ್ಟ ಕಾರಣ. ಬರುತ್ತಿದ್ದ ಇನ್ನೊಂದು ವಿಮಾನವನ್ನು ಇಸ್ಫಹಾನ್‌ಗೆ ತಿರುಗಿಸಿದರು. ಎರಡು ಕೋಟಿ ಓಟು ಪಡೆದ ಅಧ್ಯಕ್ಷರಿಗೆ ತಮ್ಮದೇ ವಿಮಾನ ನಿಲ್ದಾಣ ತೆರೆಸಲು ಆಗಲಿಲ್ಲ. ಕೊನೆಗೆ ಕೆಲಸ ಕಳೆದುಕೊಂಡಿದ್ದು ಸಾರಿಗೆ ಮಂತ್ರಿ, ಮಜ್ಲಿಸ್ ಅವರನ್ನೇ ಕಿತ್ತು ಹಾಕಿತು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಖಮೇನಿಯವರೇ 1981ರಿಂದ 1989ರವರೆಗೆ ಅಧ್ಯಕ್ಷರಾಗಿದ್ದರು. ಆಗ ಪ್ರಧಾನಿ ಹುದ್ದೆಯೂ ಇತ್ತು. 1985ರಲ್ಲಿ ಅವರಿಗೆ ಪ್ರಧಾನಿ ಮೀರ್ ಹುಸೇನ್ ಮೂಸಾವಿಯನ್ನು ಬದಲಾಯಿಸಬೇಕಿತ್ತು. ಖೊಮೇನಿ ಬೇಡ ಎಂದರು, ಇವರು ಸುಮ್ಮನಾಗಬೇಕಾಯಿತು. ಅಧ್ಯಕ್ಷ ಹುದ್ದೆ ಎಷ್ಟು ದುರ್ಬಲ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಆ ದೇಶದಲ್ಲಿ ಇನ್ಯಾರೂ ಇರಲಿಕ್ಕಿಲ್ಲ. 1989ರಲ್ಲಿ ಪ್ರಧಾನಿ ಹುದ್ದೆ ತೆಗೆದು ಅದರ ಕೆಲಸವನ್ನು ಅಧ್ಯಕ್ಷರಿಗೆ ಸೇರಿಸಿದರು. ಅದೇ ತಿದ್ದುಪಡಿಯಲ್ಲಿ ಸರ್ವೋಚ್ಚ ನಾಯಕರ ಅಧಿಕಾರವನ್ನೂ ಹೆಚ್ಚಿಸಿದರು.

ಸುರತ್ಕಲ್_ಮನು

ಹಳೇ ಓದುಗ ಸರ್, ನೀವು ಹೇಳಿದ್ದು ಸರಿ, ಆದರೆ ಇದನ್ನು ಓದಿದವರಿಗೆ ಅಧ್ಯಕ್ಷರು ಯಾರಾದರೂ ಒಂದೇ ಎನಿಸುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ನಾನು ತೈಲದ ವ್ಯವಹಾರ ನೋಡುವವನು, ಅದರಿಂದಲೇ ಹೇಳುತ್ತೇನೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನ್ ಕಚ್ಚಾ ತೈಲ ಕೊಳ್ಳುವುದರಲ್ಲಿ ಭಾರತದಲ್ಲೇ ಮುಂದಿತ್ತು. ಅಹ್ಮದಿನೆಜಾದ್ ಎರಡನೇ ಅವಧಿಯಲ್ಲಿ ಅಣು ವಿಚಾರದಲ್ಲಿ ಜಗತ್ತಿನ ಜೊತೆ ಜಗಳ ಮಿತಿ ಮೀರಿ, 2012ರಲ್ಲಿ ಅಮೆರಿಕ, ಯುರೋಪ್ ಎರಡೂ ಕಡೆಯಿಂದ ನಿರ್ಬಂಧ ಬಿಗಿಯಾಯಿತು. ಇರಾನ್ ತೈಲ ಸಂಸ್ಕರಿಸುವ ಕಾರ್ಖಾನೆಗೆ ವಿಮೆ ಕೊಡುವವರೇ ಇಲ್ಲದೆ 2013ರಲ್ಲಿ ಕೆಲವು ತಿಂಗಳು ಖರೀದಿಯೇ ನಿಂತಿತ್ತು. ಅದೇ ವರ್ಷ ರೌಹಾನಿ ಗೆದ್ದರು. 2015ರ ಜುಲೈನಲ್ಲಿ ಅಣು ಒಪ್ಪಂದ ಆಯಿತು, ನಿರ್ಬಂಧ ಸಡಿಲವಾಗಿ ಹಡಗುಗಳು ಮತ್ತೆ ಧಾರಾಳವಾಗಿ ಬಂದವು. ಅವರ ದೇಶದಲ್ಲಿ 40%ರ ಹತ್ತಿರ ಹೋಗಿದ್ದ ಬೆಲೆ ಏರಿಕೆ 10%ರ ಆಸುಪಾಸಿಗೆ ಇಳಿಯಿತು. ಖಮೇನಿ ಒಪ್ಪದೆ ಆ ಒಪ್ಪಂದ ಆಗುತ್ತಿರಲಿಲ್ಲ, ನಿಜ. ಆದರೆ ರೌಹಾನಿ ಮತ್ತು ಅವರ ವಿದೇಶಾಂಗ ಮಂತ್ರಿ ಜರೀಫ್ ಬದಲು ಜಲೀಲಿ ಕೂತಿದ್ದರೆ ಆಗುತ್ತಿತ್ತಾ? 2007ರಿಂದ 2013ರವರೆಗೆ ಅಣು ಮಾತುಕತೆಗೆ ಕೂತಿದ್ದವರು ಇದೇ ಜಲೀಲಿ. ಆಗ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಬಾಗಿಲು ತೆಗೆಯಬೇಕೋ ಬೇಡವೋ ಎನ್ನುವುದು ಖಮೇನಿಯವರ ತೀರ್ಮಾನ, ತೆಗೆದಾಗ ಹೊರಗೆ ಹೋಗಿ ಮಾತನಾಡಿ ಏನಾದರೂ ತರಬಲ್ಲವರು ಯಾರು ಎನ್ನುವುದು ಚುನಾವಣೆಯ ತೀರ್ಮಾನ. ಮನೆ ಬಾಡಿಗೆ, ಔಷಧಿ, ಮಾಂಸದ ಬೆಲೆ ಎಲ್ಲ ಅದರ ಮೇಲೇ ನಿಂತಿದೆ. 2015ರಲ್ಲಿ ಒಂದು ಡಾಲರ್‌ಗೆ ಸುಮಾರು 33 ಸಾವಿರ ರಿಯಾಲ್ ಇತ್ತು. ಈಗ ಹೊರಗಿನ ಮಾರುಕಟ್ಟೆಯಲ್ಲಿ 6 ಲಕ್ಷದ ಹತ್ತಿರ. ಸಂಬಳ ಆ ಲೆಕ್ಕದಲ್ಲಿ ಏರಿಲ್ಲ. ಅಂಥ ಮನೆಯವರಿಗೆ ಹೋಗಿ ಯಾರು ಬಂದರೂ ಒಂದೇ, ಓಟು ಹಾಕಬೇಡಿ ಎಂದು ನಾನು ಹೇಳಲಾರೆ.

ಹಾಂ, 2018ರಲ್ಲಿ ಟ್ರಂಪ್ ಒಪ್ಪಂದದಿಂದ ಎದ್ದು ಹೋದರು, 2019ರ ಮೇ ತಿಂಗಳಿಗೆ ನಮ್ಮ ಖರೀದಿಯೂ ನಿಂತಿತು. ಅದು ರೌಹಾನಿ ತಪ್ಪಲ್ಲ. ಆದರೆ ಬೈಗುಳ ಎಲ್ಲ ತಿಂದಿದ್ದು ಅವರೇ.

ಗಂಗೋತ್ರಿ_ಹಳಬ

ತುಂಗಾತೀರ ಅವರೇ, ಜನ ಯಾಕೆ ಹೋಗುತ್ತಾರೆ ಎನ್ನುವುದಕ್ಕೆ ನನಗೆ ಗೊತ್ತಿರುವ ಒಂದು ಉತ್ತರ ಇದೆ.

ನಾನು ಮಾನಸಗಂಗೋತ್ರಿಯಲ್ಲಿ ಓದುವಾಗ ಮೈಸೂರಿನಲ್ಲಿ ತುಂಬಾ ಇರಾನಿ ವಿದ್ಯಾರ್ಥಿಗಳಿದ್ದರು. ಸರಸ್ವತಿಪುರಂ, ಕುವೆಂಪುನಗರದ ಕಡೆ ಮನೆ ಮಾಡಿಕೊಂಡಿದ್ದರು. ಅವರಲ್ಲಿ ಒಬ್ಬ ನನಗೆ ಬಹಳ ಹತ್ತಿರ. ಒಂದು ದಿನ ಏನೋ ಕಾಗದ ಹುಡುಕುವಾಗ ಅವನು ತನ್ನ ಶನಾಸ್ನಾಮೆ ತೋರಿಸಿದ. ಪಾಸ್‌ಪೋರ್ಟ್ ತರಹದ ಸಣ್ಣ ಪುಸ್ತಕ. ಹುಟ್ಟು, ಮದುವೆ, ಮಕ್ಕಳು, ಸಾವು ಎಲ್ಲ ಅದರಲ್ಲೇ ಬರೆಯುತ್ತಾರೆ. ಕೊನೆಯ ಪುಟದಲ್ಲಿ ಚುನಾವಣೆಯ ಮುದ್ರೆಗಳು. ಓಟು ಹಾಕಿದಾಗಲೆಲ್ಲ ಒಂದು ಮುದ್ರೆ ಒತ್ತುತ್ತಿದ್ದರು. ಅವನ ಪುಟದಲ್ಲಿ ಎರಡೋ ಮೂರೋ ಇದ್ದವು. ಅವನ ತಂದೆ ಸರ್ಕಾರಿ ಶಾಲೆಯ ಮೇಷ್ಟ್ರು, ಅವರ ಪುಸ್ತಕದಲ್ಲಿ ಮುದ್ರೆ ಒತ್ತಲು ಜಾಗವೇ ಇಲ್ಲ ಎಂದಿದ್ದ. ಆ ಪುಟ ಖಾಲಿ ಇದ್ದರೆ ಸರ್ಕಾರಿ ಕೆಲಸಕ್ಕೆ ಹೋದಾಗ ಪ್ರಶ್ನೆ ಬರುತ್ತದೆ ಎನ್ನುವ ಭಯ ಅಲ್ಲಿನ ಎಷ್ಟೋ ಮನೆಗಳಲ್ಲಿತ್ತು. ನಿಜವಾಗಿ ಯಾರಾದರೂ ಪ್ರಶ್ನೆ ಕೇಳಬೇಕೆಂದೇನೂ ಇಲ್ಲ, ಭಯ ಇದ್ದರೆ ಸಾಕಲ್ವಾ?

ಓಟಿನ ಚೀಟಿ ನಮ್ಮ ಹಾಗೆ ಚಿಹ್ನೆ ಇರುವುದಲ್ಲ. ಖಾಲಿ ಜಾಗದಲ್ಲಿ ಅಭ್ಯರ್ಥಿಯ ಹೆಸರನ್ನು ಕೈಯಲ್ಲೇ ಬರೆದು ಹಾಕಬೇಕು. ಹಾಗಾಗಿ ಮುದ್ರೆ ಬೇಕು, ಓಟು ಬೇಡ ಎನ್ನುವವರು ಏನೂ ಬರೆಯದೆ ಹಾಕಿ ಬರಬಹುದು. 2021ರಲ್ಲಿ ರಈಸಿ ಗೆದ್ದಾಗ ಎರಡನೇ ಸ್ಥಾನಕ್ಕೆ ಬಂದಿದ್ದು ಯಾವ ಅಭ್ಯರ್ಥಿಯೂ ಅಲ್ಲ, ಕುಲಗೆಟ್ಟ ಮತಗಳು! 37 ಲಕ್ಷ. ಅದರಲ್ಲಿ ಎಷ್ಟು ಜನ ಬೇಕೆಂದೇ ಖಾಲಿ ಹಾಕಿದರು ಎಂದು ಲೆಕ್ಕ ಸಿಗುವುದಿಲ್ಲ, ಆದರೆ ಅಷ್ಟೂ ಜನಕ್ಕೆ ಹೆಸರು ಬರೆಯಲು ಬರಲಿಲ್ಲ ಎಂದರೆ ನಾನು ನಂಬುವುದಿಲ್ಲ.

2009 ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಜೂನ್ 12 ಮತದಾನ. 85% ಮತದಾನ ಆಗಿತ್ತು. ಸುಮಾರು 4 ಕೋಟಿ ಚೀಟಿ, ಎಲ್ಲ ಕೈಯಲ್ಲಿ ಬರೆದದ್ದು, ಕೈಯಲ್ಲೇ ಎಣಿಸಬೇಕು. ಮತಗಟ್ಟೆ ಮುಚ್ಚಿ ಕೆಲವೇ ಗಂಟೆಗಳಲ್ಲಿ ಅಹ್ಮದಿನೆಜಾದ್ ಗೆದ್ದರು ಎಂದು ಸರ್ಕಾರಿ ಸುದ್ದಿ ಸಂಸ್ಥೆ ಹೇಳಿಬಿಟ್ಟಿತು. 62%! ಅವರೆದುರು ನಿಂತಿದ್ದ ಅದೇ ಹಳೇ ಪ್ರಧಾನಿ ಮೂಸಾವಿ ತಮ್ಮದೇ ಊರಿರುವ ಪೂರ್ವ ಅಜರ್‌ಬೈಜಾನ್ ಪ್ರಾಂತ್ಯದಲ್ಲೂ ಸೋತರು ಎಂದಿತು. ಐವತ್ತು ಊರುಗಳಲ್ಲಿ ಮತದಾರರಿಗಿಂತ ಮತಗಳೇ ಜಾಸ್ತಿ ಬಿದ್ದಿವೆ ಎಂದು ಆಮೇಲೆ ಗಾರ್ಡಿಯನ್ ಕೌನ್ಸಿಲ್ಲೇ ಒಪ್ಪಿಕೊಂಡು, ಅಲ್ಲಿ ಯಾರು ಯಾವ ಮತಗಟ್ಟೆಯಲ್ಲಾದರೂ ಹಾಕಬಹುದು, ಅದರಿಂದ ಫಲಿತಾಂಶ ಬದಲಾಗುವುದಿಲ್ಲ ಎಂದಿತು. ನನ್ನ ಗೆಳೆಯ ಮತ್ತು ಅವನ ಕಡೆಯವರು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದರು, ಊರಿಗೆ ಫೋನ್ ಹೋಗುತ್ತಿರಲಿಲ್ಲ. ನನ್ನ ಓಟು ಎಲ್ಲಿ ಎಂದು ಬರೆದ ಹಸಿರು ಫಲಕ ಹಿಡಿದು ಲಕ್ಷಾಂತರ ಜನ ತೆಹ್ರಾನ್‌ನ ಆಜಾದಿ ಚೌಕಕ್ಕೆ ನಡೆದು ಹೋದರು. ಜೂನ್ 20ರಂದು ನೆದಾ ಎಂಬ ಹುಡುಗಿ ಬೀದಿಯಲ್ಲಿ ಗುಂಡಿಗೆ ಸತ್ತಳು. ಅವಳ ಕೊನೆಯ ಕ್ಷಣದ ವಿಡಿಯೋವನ್ನು ಜಗತ್ತೆಲ್ಲ ನೋಡಿತು. ಮೂಸಾವಿ, ಅವರ ಹೆಂಡತಿ ಝಹ್ರಾ ರಹ್ನವರ್ದ್ ಮತ್ತು ಆ ಚುನಾವಣೆಗೆ ನಿಂತಿದ್ದ ಇನ್ನೊಬ್ಬ ಸುಧಾರಣಾವಾದಿ ಕರೂಬಿಯವರನ್ನು 2011ರ ಫೆಬ್ರವರಿಯಲ್ಲಿ ಗೃಹಬಂಧನದಲ್ಲಿಟ್ಟರು.

ನಾಟಕ ಎನ್ನುವವರಿಗೆ ನಾನು ಇದನ್ನೇ ಕೇಳುವುದು. ನಾಟಕದ ಟಿಕೆಟ್‌ಗಾಗಿ ಯಾರಾದರೂ ಗುಂಡಿಗೆ ಎದೆ ಕೊಡುತ್ತಾರಾ? ಅವರಿಗೆ ಆ ಓಟು ತಮ್ಮದು ಎನಿಸಿತ್ತು.

ಶರಾವತಿ

ಗಂಗೋತ್ರಿ ಅವರು ಬರೆದದ್ದು ಓದಿ ಮನಸ್ಸು ಭಾರವಾಯಿತು. ಆದರೆ 2009ರ ನಂತರ ಏನಾಯಿತು ಎನ್ನುವುದನ್ನೂ ಸೇರಿಸಬೇಕು. ಮನು ಅವರು ಹೇಳಿದ್ದಕ್ಕೆ ನನ್ನ ತಕರಾರು ಇರುವುದು ಅಲ್ಲೇ.

ಓಟು ಹಾಕಿದವರು ಒಂದಲ್ಲ, ಎಷ್ಟೋ ಸಲ ಪ್ರಯತ್ನ ಮಾಡಿದ್ದಾರೆ. 1997ರಲ್ಲಿ ಸುಧಾರಣಾವಾದಿ ಖತಾಮಿಗೆ ಹತ್ತಿರ ಹತ್ತಿರ 70% ಕೊಟ್ಟರು. 2000ದಲ್ಲಿ ನ್ಯಾಯಾಂಗ ಸುಧಾರಣೆಯ ಕಡೆಯ ಪತ್ರಿಕೆಗಳನ್ನು ಸಾಲಾಗಿ ಮುಚ್ಚಿಸಿತು. ಪತ್ರಿಕಾ ಕಾನೂನು ಬದಲಿಸಲು ಮಜ್ಲಿಸ್ ಕೂತಾಗ ಖಮೇನಿಯವರಿಂದ ಒಂದು ಪತ್ರ ಬಂತು, ಚರ್ಚೆಯೇ ನಿಂತುಹೋಯಿತು. 2004ರ ಮಜ್ಲಿಸ್ ಚುನಾವಣೆಗೆ ಆಗ ಸದಸ್ಯರಾಗಿದ್ದ ಸುಮಾರು 80 ಜನರನ್ನೇ ಅನರ್ಹ ಎಂದರು. 2017ರಲ್ಲಿ ರೌಹಾನಿಗೆ ಮತ್ತೆ 57% ಕೊಟ್ಟರು. 2019ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಪೆಟ್ರೋಲ್ ಬೆಲೆ ಏರಿಸಿದರು. 10 ಸಾವಿರ ರಿಯಾಲ್ ಇದ್ದದ್ದು ತಿಂಗಳ ಮೊದಲ 60 ಲೀಟರ್‌ಗೆ 15 ಸಾವಿರ, ಅದರ ಮೇಲೆ 30 ಸಾವಿರ. ಜನ ಬೀದಿಗೆ ಬಂದರು. ಸುಮಾರು ಒಂದು ವಾರ ಇಂಟರ್ನೆಟ್ ಕಡಿದು ಗುಂಡು ಹೊಡೆದರು. ಸತ್ತವರು 300ಕ್ಕಿಂತ ಹೆಚ್ಚು ಎಂದು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಲೆಕ್ಕ ಕೊಟ್ಟಿತು. ಅಧ್ಯಕ್ಷರು ಯಾರಿದ್ದರು? ಎಲ್ಲರೂ ಮೆಚ್ಚುವ ಮಿತವಾದಿ ರೌಹಾನಿ. ಬೆಲೆ ಏರಿದ್ದು ನನಗೂ ಶುಕ್ರವಾರ ಬೆಳಿಗ್ಗೆಯೇ ಗೊತ್ತಾಗಿದ್ದು ಎಂದು ನಗುತ್ತಾ ಹೇಳಿದರು. ಮಗನನ್ನು ಕಳೆದುಕೊಂಡ ತಾಯಿಗೆ ಆ ನಗು ಹೇಗೆ ಕಂಡಿರಬೇಕು ಹೇಳಿ.

ಹೆಂಗಸರ ವಿಷಯ ಇನ್ನೂ ನೇರ. ಇವತ್ತಿನವರೆಗೆ ಅಧ್ಯಕ್ಷ ಚುನಾವಣೆಗೆ ಒಬ್ಬ ಹೆಣ್ಣುಮಗಳನ್ನೂ ನಿಲ್ಲಲು ಬಿಟ್ಟಿಲ್ಲ. ಕ್ರಾಂತಿಯ ದೊಡ್ಡ ಹೆಸರಾದ ಅಯಾತೊಲ್ಲಾ ತಾಲೆಗಾನಿಯವರ ಮಗಳು ಆಜಮ್ ತಾಲೆಗಾನಿ 1997ರಲ್ಲೇ ಹೆಸರು ನೋಂದಾಯಿಸಿದರು. ತಿರಸ್ಕರಿಸಿದರು. ಆಕೆ ಬಿಡದೆ ಮತ್ತೆ ಮತ್ತೆ ಹೋದರು, ವಯಸ್ಸಾಗಿ ಓಡಾಡುವುದು ಕಷ್ಟವಾದ ಮೇಲೂ ಹೋದರು, 2019ರಲ್ಲಿ ತೀರಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಹಿಜಾಬ್ ಸರಿಯಾಗಿ ಹಾಕಿಲ್ಲ ಎಂದು ಹಿಡಿದೊಯ್ದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿ ಸತ್ತ ಮೇಲೆ ಬೀದಿಗಿಳಿದ ಹುಡುಗಿಯರಿಗೆ ಮತಗಟ್ಟೆಯ ಮೇಲೆ ನಂಬಿಕೆ ಉಳಿಯಲಿಲ್ಲ. ನೊಬೆಲ್ ಪಡೆದ ನರ್ಗೆಸ್ ಮೊಹಮ್ಮದಿ ಎವಿನ್ ಜೈಲಿನಿಂದಲೇ ತಾನು ಓಟು ಹಾಕುವುದಿಲ್ಲ ಎಂದರು.

ಪೆಜೆಶ್ಕಿಯಾನ್ 2021ರಲ್ಲಿ ಅನರ್ಹ, 2024ರಲ್ಲಿ ಅರ್ಹ ಆಗಿದ್ದು ಹೇಗೆ ಎಂದು ತುಂಗಾತೀರ ಕೇಳಿದರು. ನನ್ನ ಪ್ರಕಾರ ಉತ್ತರ ಇದು: ಮನೆಯಲ್ಲಿ ಕೂತವರು ಅವರನ್ನು ಅರ್ಹ ಮಾಡಿದರು. 2021ರಲ್ಲಿ ಮತದಾನ 48.8%. ಈ ಮಾರ್ಚ್‌ನ ಮಜ್ಲಿಸ್ ಚುನಾವಣೆಯಲ್ಲಿ 41%, ತೆಹ್ರಾನ್ ನಗರದಲ್ಲಂತೂ ಕಾಲು ಭಾಗದ ಆಸುಪಾಸು. ಕ್ರಾಂತಿ ಆದಾಗಿನಿಂದ ಹೆಚ್ಚು ಮತದಾನ ಆದರೆ ಅದು ವ್ಯವಸ್ಥೆಗೆ ಜನರ ಒಪ್ಪಿಗೆ ಎಂದು ಇವರೇ ಹೇಳಿಕೊಂಡು ಬಂದವರು. ಈಗ ಅದೇ ಮಾತು ಅವರಿಗೆ ತಿರುಗಿ ಬಂತು. ಬರೀ ಕಟ್ಟಾ ಸಂಪ್ರದಾಯವಾದಿಗಳನ್ನೇ ನಿಲ್ಲಿಸಿದ್ದರೆ ಮತಗಟ್ಟೆಗಳು ಬಣಗುಡುತ್ತಿದ್ದವು. ಅದಕ್ಕೇ ಒಬ್ಬ ಸುಧಾರಣಾವಾದಿಯನ್ನು ಬಿಟ್ಟರು. ಬಿಟ್ಟ ಮೇಲೂ ಜೂನ್ 28ರ ಮೊದಲ ಸುತ್ತಿಗೆ ಬಂದಿದ್ದು 40%ಕ್ಕೂ ಕಡಿಮೆ. ಅಧ್ಯಕ್ಷ ಚುನಾವಣೆಯಲ್ಲಿ ಅದಕ್ಕಿಂತ ಕಡಿಮೆ ಯಾವತ್ತೂ ಆಗಿರಲಿಲ್ಲ.

ಓಟು ಹಾಕಿದವರನ್ನು ನಾನು ಬೈಯುವುದಿಲ್ಲ. ಹಾಕದವರನ್ನು ಸೋಮಾರಿಗಳು ಎನ್ನಬೇಡಿ, ಅಷ್ಟೇ ನನ್ನ ಬೇಡಿಕೆ.

ಸುರತ್ಕಲ್_ಮನು

ಮೇಡಂ, ಸೋಮಾರಿಗಳು ಎಂದು ನಾನು ಎಲ್ಲೂ ಹೇಳಿಲ್ಲ. ಆದರೆ ಮನೆಯಲ್ಲಿ ಕೂರುವುದಕ್ಕೂ ಬೆಲೆ ತೆರಬೇಕು. 2005ರಲ್ಲಿ ಸುಧಾರಣೆಯ ಕಡೆಯವರು ಬೇಸತ್ತು ಕೂತರು, ಅಹ್ಮದಿನೆಜಾದ್ ಬಂದರು. 2021ರಲ್ಲಿ ಕೂತರು, ರಈಸಿ ಬಂದರು, ಮರು ವರ್ಷವೇ ಮಹ್ಸಾ ಸಾವು. ಈ ಸಲ ಮೊದಲ ಸುತ್ತಿನಲ್ಲಿ ಪೆಜೆಶ್ಕಿಯಾನ್‌ಗೆ 1.04 ಕೋಟಿ, ಜಲೀಲಿಗೆ 94 ಲಕ್ಷ ಮತ. ಎರಡನೇ ಸುತ್ತಿಗೆ ಇನ್ನೊಂದು 60 ಲಕ್ಷ ಜನ ಹೊಸದಾಗಿ ಎದ್ದು ಬಂದರು. ಪೆಜೆಶ್ಕಿಯಾನ್ 1.63 ಕೋಟಿ ದಾಟಿದರು. ಆ ಜನ ಅವರ ಮೇಲಿನ ಪ್ರೀತಿಗೆ ಬಂದಿದ್ದು ಅನ್ನುವುದಕ್ಕಿಂತ ಜಲೀಲಿ ಬರುತ್ತಾರೆ ಎನ್ನುವ ಹೆದರಿಕೆಗೆ ಬಂದಿದ್ದು ಅನ್ನಿಸುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಂಗೋತ್ರಿ_ಹಳಬ

ನಿಮ್ಮಿಬ್ಬರ ಜಗಳ ಇರಾನ್ ಒಳಗೇ ಇದೆ. ಗೃಹಬಂಧನದಲ್ಲಿದ್ದ ಕರೂಬಿ ಪೆಜೆಶ್ಕಿಯಾನ್‌ಗೆ ಬೆಂಬಲ ಎಂದರು. ಮೂಸಾವಿ ಮತ್ತು ಅವರ ಹೆಂಡತಿ ಓಟು ಹಾಕಲಿಲ್ಲ. 2009ರಲ್ಲಿ ಒಂದೇ ಪೆಟ್ಟು ತಿಂದವರು, 2024ರಲ್ಲಿ ಬೇರೆ ಬೇರೆ ದಾರಿ. ನನ್ನ ಗೆಳೆಯ ಈಗ ಶಿರಾಜ್‌ನಲ್ಲಿದ್ದಾನೆ. ಅವನು ಎರಡೂ ಸುತ್ತಿನಲ್ಲಿ ಹೋಗಲಿಲ್ಲ, ಅವನ ಅಕ್ಕ ಎರಡೂ ಸಲ ಹೋದಳಂತೆ. ಮನೆಯಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಗಿತ್ತು ಎಂದ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಎಂದುಕೊಂಡಿರಲಿಲ್ಲ. ಇನ್ನೊಂದೇ ಪ್ರಶ್ನೆ. ಖಮೇನಿಯವರಿಗೆ ಈಗ 85. ಅವರ ನಂತರದ ನಾಯಕರನ್ನು ಯಾರು ಆರಿಸುತ್ತಾರೆ? ಅದರಲ್ಲಿ ಅಧ್ಯಕ್ಷರ ಪಾತ್ರ ಏನಾದರೂ ಇದೆಯಾ?

ಹಳೇ ಓದುಗ

ಆರಿಸುವುದು ತಜ್ಞರ ಸಭೆ. 88 ಧರ್ಮಗುರುಗಳು, ಎಂಟು ವರ್ಷದ ಅವಧಿ. ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ಆದರೆ ನಿಲ್ಲಲು ಮತ್ತೆ ಗಾರ್ಡಿಯನ್ ಕೌನ್ಸಿಲ್ ಒಪ್ಪಿಗೆ ಬೇಕು. ಸುತ್ತು ನೋಡಿ: ನಾಯಕರು ಕೌನ್ಸಿಲ್ ನೇಮಿಸುತ್ತಾರೆ, ಕೌನ್ಸಿಲ್ ಅಭ್ಯರ್ಥಿಗಳನ್ನು ಸೋಸುತ್ತದೆ, ಆ ಅಭ್ಯರ್ಥಿಗಳು ಗೆದ್ದು ಮುಂದಿನ ನಾಯಕರನ್ನು ಆರಿಸುತ್ತಾರೆ. ಹೊರಗಿನವರು ಒಳಗೆ ಬರಲು ದಾರಿಯೇ ಇಲ್ಲ. 2016ರಲ್ಲಿ ಖೊಮೇನಿಯವರ ಮೊಮ್ಮಗ ಹಸನ್ ಖೊಮೇನಿ ಈ ಸಭೆಗೆ ನಿಲ್ಲಲು ಹೋದರು, ಬಿಡಲಿಲ್ಲ. ಈ ವರ್ಷ ಜನವರಿಯಲ್ಲಿ ರೌಹಾನಿಯವರನ್ನೂ ಬಿಡಲಿಲ್ಲ. ಅವರು ಎರಡು ದಶಕದಿಂದ ಅದೇ ಸಭೆಯಲ್ಲಿ ಸದಸ್ಯರಾಗಿದ್ದವರು. ಮಾರ್ಚ್‌ನಲ್ಲಿ ಆರಿಸಿ ಬಂದ ಸಭೆ ಇನ್ನು ಎಂಟು ವರ್ಷ ಇರುತ್ತದೆ, ಹಾಗಾಗಿ ಮುಂದಿನ ನಾಯಕರನ್ನು ಇವರೇ ಆರಿಸಬೇಕಾಗಿ ಬರಬಹುದು.

ಮೇ 19ರಂದು ಹೆಲಿಕಾಪ್ಟರ್ ಬಿದ್ದು ತೀರಿಕೊಂಡ ರಈಸಿ ಬಗ್ಗೆ ಇಷ್ಟೊಂದು ಚರ್ಚೆ ಆಗಿದ್ದು ಅದಕ್ಕೇ. ಅವರು ಅಧ್ಯಕ್ಷರೂ ಹೌದು, ಈ ಸಭೆಯ ಸದಸ್ಯರೂ ಹೌದು, ಉತ್ತರಾಧಿಕಾರಿ ಎಂದು ಬಹಳ ಜನ ಅವರ ಹೆಸರೇ ಹೇಳುತ್ತಿದ್ದರು. ಪೆಜೆಶ್ಕಿಯಾನ್ ಹೃದಯ ಶಸ್ತ್ರಚಿಕಿತ್ಸಕರು, ಧರ್ಮಗುರು ಅಲ್ಲ. ಹಾಗಾಗಿ ಆ ಪೈಪೋಟಿಯಲ್ಲಿ ಅವರಿಲ್ಲ. ನಾಯಕರ ಸ್ಥಾನ ಖಾಲಿಯಾದರೆ ಹೊಸಬರು ಬರುವವರೆಗೆ ಕೆಲಸ ನೋಡಿಕೊಳ್ಳುವ ಮೂವರ ಮಂಡಳಿಯಲ್ಲಿ ಅಧ್ಯಕ್ಷರು ಒಬ್ಬರು. ಉಳಿದವರು ನ್ಯಾಯಾಂಗದ ಮುಖ್ಯಸ್ಥರು ಮತ್ತು ಗಾರ್ಡಿಯನ್ ಕೌನ್ಸಿಲ್‌ನ ಒಬ್ಬ ಧರ್ಮಗುರು. ಮೂರರಲ್ಲಿ ಒಂದು ಓಟು, ಅಷ್ಟೇ.

ಮನು ಮತ್ತು ಶರಾವತಿ ಮೇಡಂ ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ, ನಾನು ಶರಾವತಿಯವರ ಕಡೆ ಸ್ವಲ್ಪ ಜಾಸ್ತಿ ವಾಲುತ್ತೇನೆ. ಪೆಜೆಶ್ಕಿಯಾನ್ ಪ್ರಚಾರದುದ್ದಕ್ಕೂ ಸರ್ವೋಚ್ಚ ನಾಯಕರ ನೀತಿಗಳ ಒಳಗೇ ಕೆಲಸ ಮಾಡುತ್ತೇನೆ ಎಂದಿದ್ದಾರೆ. ಅವರನ್ನು ದೂರುವುದಿಲ್ಲ, ಹಾಗೆ ಹೇಳದಿದ್ದರೆ ನಿಲ್ಲಲೇ ಬಿಡುತ್ತಿರಲಿಲ್ಲ. ಆದರೆ ಅವರಿಂದ ಎಷ್ಟು ನಿರೀಕ್ಷಿಸಬಹುದು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮೊದಲ ಪರೀಕ್ಷೆ ಮಂತ್ರಿಗಳ ಪಟ್ಟಿ. ಒಬ್ಬೊಬ್ಬ ಮಂತ್ರಿಗೂ ಮಜ್ಲಿಸ್ ವಿಶ್ವಾಸಮತ ಬೇಕು. ಆ ಮಜ್ಲಿಸ್ 41% ಮತದಾನದಲ್ಲಿ ಬಂದದ್ದು, ಹೆಚ್ಚಿನವರು ಕಟ್ಟಾ ಸಂಪ್ರದಾಯವಾದಿಗಳು, ಸ್ಪೀಕರ್ ಗಾಲಿಬಾಫ್ ಮೊದಲ ಸುತ್ತಿನಲ್ಲಿ ಇವರೆದುರೇ ಸೋತವರು. ಗುಪ್ತಚರ, ವಿದೇಶಾಂಗ, ರಕ್ಷಣೆ ಈ ಮೂರಕ್ಕೆ ಖಮೇನಿಯವರನ್ನು ಕೇಳದೆ ಯಾರೂ ಹೆಸರು ಕಳಿಸುವುದಿಲ್ಲ. 2011ರಲ್ಲಿ ಅಹ್ಮದಿನೆಜಾದ್ ಗುಪ್ತಚರ ಮಂತ್ರಿಯಿಂದ ರಾಜೀನಾಮೆ ಪಡೆದರು, ಖಮೇನಿ ಆ ಮಂತ್ರಿಯನ್ನು ವಾಪಸ್ ಕೂರಿಸಿದರು, ಅಧ್ಯಕ್ಷರು ಮುನಿಸಿಕೊಂಡು 11 ದಿನ ಕಚೇರಿಗೇ ಬರಲಿಲ್ಲ, ಕೊನೆಗೆ ಅವರೇ ಬಗ್ಗಿದರು. ಹಾಗಾಗಿ ಆ ಮೂರನ್ನು ಬಿಟ್ಟು ಗೃಹ, ಉನ್ನತ ಶಿಕ್ಷಣ ಮತ್ತು ದೂರಸಂಪರ್ಕಕ್ಕೆ ಯಾರ ಹೆಸರು ಕಳಿಸುತ್ತಾರೆ ನೋಡಿ. ಪ್ರಾಂತ್ಯಗಳ ಗವರ್ನರ್‌ಗಳ ಹೆಸರು ಹೋಗುವುದು ಗೃಹ ಮಂತ್ರಿಯಿಂದ, ಚಳವಳಿ ಮಾಡಿ ಹೊರಗೆ ಹಾಕಿಸಿಕೊಂಡ ವಿದ್ಯಾರ್ಥಿಗಳು ವಾಪಸ್ ಬರಬೇಕಾದರೆ ಅದು ಉನ್ನತ ಶಿಕ್ಷಣದಿಂದ. ಪಟ್ಟಿ ಆಗಸ್ಟ್‌ನಲ್ಲಿ ಬರುತ್ತದೆ. ಬಂದ ದಿನ ಇಲ್ಲೇ ಹಾಕುತ್ತೇನೆ.